ಹುಳುವಿನ ಜ್ವರ, ಮೇಷ್ಟ್ರ ಹಟ

ಸಾದಲಿಯ ಶಾಲೆಯಲ್ಲಿ ವ್ಯಾಕರಣ ಕಲಿಸುತ್ತಿದ್ದ ವೆಂಕಟರವಣಪ್ಪನವರು ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ೧೯೫೮ರಲ್ಲಿ ಶಿಡ್ಲಘಟ್ಟದ ಬೆಳೆಗಾರರ ಸಂಘವೊಂದು ಮಾಸಪತ್ರಿಕೆ ಹೊರಡಿಸಲು ತೀರ್ಮಾನಿಸಿ, ಮೊದಲ ಸಂಚಿಕೆಗೆ ಅವರಿಂದ ಲೇಖನ ಕೇಳಿತು. ಅಚ್ಚಿನಲ್ಲಿ ಒಮ್ಮೆಯಾದರೂ ತಮ್ಮ ಬರಹ ಕಾಣಬೇಕೆಂಬುದು ಅವರ ಬಹುಕಾಲದ ಆಸೆ.

ಪೊರೆ ಕಳಚುವ ಮುನ್ನ ರೇಷ್ಮೆಹುಳು ತಲೆಯೆತ್ತಿ ಅಲುಗದೆ ನಿಲ್ಲುತ್ತದೆ, ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ. ಅದು ಬೆಳವಣಿಗೆ, ರೋಗವಲ್ಲ. ಆದರೂ ಈ ಸೀಮೆಯವರು ಅದನ್ನು ಜ್ವರವೆನ್ನುತ್ತಾರೆ. ಮೇಷ್ಟ್ರು ಅದನ್ನೇ ಹಿಡಿದು ಬರೆದರು: "ಜ್ವರ ಬಂದ ಮಗುವಿನ ಬಾಯಿಗೆ ಮುದ್ದೆ ತುರುಕುವುದಿಲ್ಲ, ಜ್ವರಕ್ಕೆ ಕೂತ ಹುಳುವಿಗೂ ಸೊಪ್ಪು ಹಾಕಬೇಡಿ."

ಕಳುಹಿಸುವ ಮೊದಲು ಮನೆಯವರಿಗೆ ಓದಿ ಹೇಳಿದರು. ತಮ್ಮನ ಹೆಂಡತಿ ಓಬಳಮ್ಮ ವಿದುರಾಶ್ವತ್ಥದ ಕಡೆಯವಳು. ಕಡಲೆಕಾಯಿ ಹೊಲ ಬಲ್ಲವಳು, ಹುಳುವಿನ ಮನೆಗೆ ಹೊಸಬಳು. ಆಕೆಗೆ ಮಾತು ನಾಟಿತು, ಕೊಂಚ ಹೆಚ್ಚಾಗಿಯೇ ನಾಟಿತು. ತನ್ನ ಪಾಲಿನ ಹುಳುಗಳು ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಿದ್ದಲ್ಲದೆ, ಮಗುವಿಗೆ ಹೊದಿಸುವಂತೆ ಹುಳು ಸಾಕುವ ತಟ್ಟೆಗಳಿಗೆಲ್ಲ ಕಂಬಳಿ ಹೊದಿಸಿದಳು. ಗಾಳಿಯಾಡದೆ ಬೆವೆತ ತಟ್ಟೆಗಳಲ್ಲಿ ಅರ್ಧದಷ್ಟು ಹುಳುಗಳು ಪೊರೆ ಬಿಡಲಾರದೆ ಸತ್ತವು.

ಲೇಖನದ ಜೊತೆಗೇ ಈ ಸುದ್ದಿಯೂ ಪತ್ರಿಕೆಯ ಸಂಪಾದಕ ಚೆನ್ನರಾಯಪ್ಪನವರಿಗೆ ಮುಟ್ಟಿತು. ಅವರು ಮೇಷ್ಟ್ರನ್ನು ಕರೆಸಿದರು.

"ನೋಡಿದ್ರಾ ಮೇಷ್ಟ್ರೇ, ಸೊಪ್ಪನ್ನ ಹುಳು ತಿಂತು, ಹುಳುವನ್ನ ನಿಮ್ಮ ಉಪಮೆ ತಿಂತು! ಇದು ಕಾವ್ಯ ಅಲ್ಲ ಕಣ್ರೀ. 'ಪೊರೆ ಬಿಡುವಾಗ ಸೊಪ್ಪು ನಿಲ್ಲಿಸುವುದು' ಅಂತ ಬರೀರಿ, ಸಾಕು."

"ಹಂಗೆ ಬರೆದು ಹೋದ ವರ್ಷ ಗೋಡೆಗೋಡೆಗೂ ಅಂಟಿಸಿದ್ರಲ್ಲ ಸ್ವಾಮಿ, ಯಾರು ನಿಲ್ಲಿಸಿದ್ರು? ಓಬಳಮ್ಮ ಒಂದು ಸಲ ಕೇಳಿ ನಿಲ್ಲಿಸಿದ್ಲು."

"ನಿಲ್ಲಿಸಿ, ಕೊಂದ್ಲು."

"ಹೋಲಿಕೆ ಎಲ್ಲೀವರ್ಗೆ ಹೋಗ್ತದೆ ಅಂತ ನಾನು ಹೇಳ್ಲಿಲ್ಲ. ಅಷ್ಟು ನನ್ನ ತಪ್ಪು." ಮೇಷ್ಟ್ರು ತಲೆಯ ಮೇಲಿನ ಬಲ್ಬು ತೋರಿಸಿದರು. "ಕರೆಂಟು ಹರೀತದೆ ಅಂತೀರಿ. ತಂತಿ ಕಡಿದ್ರೆ ನೆಲಕ್ಕೆ ಸೋರ್ತದಾ? ಸೋರಲ್ಲ ಅಂತ ಹರಿಯೋ ಮಾತನ್ನೇ ಬಿಟ್ಟುಬಿಡ್ತೀರಾ?"

"ವಾದ ಬೇಡ. ಹೋಲಿಕೆ ತೆಗೆದ್ರೆ ಅಚ್ಚು. ಇಲ್ಲಾಂದ್ರೆ ಇಲ್ಲ."

ಸಂಪಾದಕರ ಸಂದೇಹ ಅಕಾರಣವಲ್ಲ. ಹೋಲಿಕೆ ಎಂದಿಗೂ ಪ್ರಮಾಣವಾಗದು. ಹುಳುವಿಗೆ ಜ್ವರವಿತ್ತೆಂದು ಯಾವ ಉಷ್ಣಮಾಪಕವೂ ಸಾಕ್ಷಿ ನುಡಿಯದು. ಆದರೆ ಕಂಡದ್ದರಿಂದ ಕಾಣದ್ದಕ್ಕೆ ಹೆಜ್ಜೆಯಿಡಲು ಮನುಷ್ಯನಿಗೆ ಬೇರೆ ದಾರಿ ಯಾವುದಿದೆ? ಆ ಹೆಜ್ಜೆ ಎಲ್ಲಿ ನಿಲ್ಲಬೇಕೆಂದು ತಿಳಿಸುವುದು ಬರೆಯುವವನ ಹೊಣೆ. ನಡೆಯುವುದನ್ನೇ ನಿಷೇಧಿಸುವುದು ವಿಜ್ಞಾನವಲ್ಲ, ಬರಿಯ ಭಯ.

ಮೇಷ್ಟ್ರು ಹೋಲಿಕೆಯನ್ನು ತೆಗೆಯಲಿಲ್ಲ, ಅದರ ಕೆಳಗೆ ಮತ್ತೊಂದು ಸಾಲು ಸೇರಿಸಿದರು: "ಮಗುವಿಗೆ ಕಂಬಳಿ ಹೊದಿಸಿ, ಹುಳುವಿಗೆ ಬೇಡ, ಅದಕ್ಕೆ ಗಾಳಿ ಬೇಕು. ಹೋಲಿಕೆ ಇಲ್ಲಿಗೆ ಮುಗಿಯಿತು."

"ನನ್ನ ಹೆಸ್ರು ಹಾಕ್ಬೇಡಿ ಭಾವ, ತೌರಿನೋರು ನಗ್ತಾರೆ," ಎಂದಳು ಓಬಳಮ್ಮ.

"ಇಲ್ಲ ಕಣಮ್ಮ. ನಗೋದಾದ್ರೆ ನನ್ನ ನೋಡಿ ನಗ್ಲಿ."

ಸಂಚಿಕೆ ಬಂತು, ಅದರಲ್ಲಿ ಅವರ ಲೇಖನವಿರಲಿಲ್ಲ. ಮರುದಿನ ಮೇಷ್ಟ್ರು ತಮ್ಮ ಹುಳುಮನೆಯ ಹೊರಗೋಡೆಗೆ ಸುಣ್ಣ ಬಳಿದು, ಆ ಸಾಲುಗಳನ್ನು ಕೆಮ್ಮಣ್ಣಿನಿಂದ ಮೊಳದಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದರು. ಸೊಪ್ಪಿನ ಹೊರೆ ಹೊತ್ತವರು ನಿಂತು ಓದಿದರು. ಓದಲು ಬಾರದವರು ಓದಿಸಿಕೊಂಡರು. ಸಂಘಕ್ಕೆ ಅವಮಾನವಾಗುತ್ತಿದೆ, ಕೂಡಲೇ ಅಳಿಸಬೇಕೆಂದು ಚೆನ್ನರಾಯಪ್ಪನವರು ಹೇಳಿಕಳಿಸಿದರು.

ಭಾನುವಾರ ಮೇಷ್ಟ್ರು ಮತ್ತೆ ಏಣಿ ಹತ್ತಿ, ಮಾಸಿದ್ದ ಅಕ್ಷರಗಳ ಮೇಲೆ ಇನ್ನೊಂದು ಸಲ ಕೆಮ್ಮಣ್ಣು ತೀಡಿದರು.