ಚಿಕ್ಕಲಕ್ಷ್ಮಮ್ಮನ ಸೋಬಾನೆ ಪದ

ಕುರುಬರಹಳ್ಳಿಯಲ್ಲಿ ಮದುವೆ ಗೊತ್ತಾದರೆ ಪುರೋಹಿತರಿಗಿಂತ ಮೊದಲು ಚಿಕ್ಕಲಕ್ಷ್ಮಮ್ಮನವರಿಗೆ ಹೇಳಿಕಳಿಸುತ್ತಿದ್ದ ಕಾಲವೊಂದಿತ್ತು. ಹಗಲೆಲ್ಲ ಮನೆ ಮುಂದೆ ಕೂತು ಊದುಬತ್ತಿ ಹೊಸೆಯುವ ಹೆಂಗಸು. ಸಂಜೆ ಕೈ ತೊಳೆದು, ಒಳ್ಳೆ ಸೀರೆ ಉಟ್ಟು, ಛತ್ರಕ್ಕೆ ಬಂದು ಸೋಬಾನೆ ಎತ್ತಿದರೆ ವಾಲಗದವರೂ ಸುಮ್ಮನಾಗುತ್ತಿದ್ದರು. ಆರತಿಯಾದ ಮೇಲೆ ತೆಂಗಿನಕಾಯಿಯಿಟ್ಟ ಮೊದಲ ತಾಂಬೂಲ, ಪದ ಎತ್ತಿದವಳ ಮಡಿಲಿಗೆ. ಅದು ಅವರ ಕಡೆಯ ಪದ್ಧತಿ. ಆ ತೆಂಗಿನಕಾಯಿ ಹಿಡಿದು ನನ್ನ ಜೆರಾಕ್ಸ್ ಅಂಗಡಿ ಮುಂದೆ ಹಾಯುವಾಗ ನನಗೆ ತೋರಿಸದೆ ಹೋದದ್ದೇ ಇಲ್ಲ. ಜಂಬದ ಹೆಂಗಸು. ಅವರಿಗಲ್ಲದೆ ಇನ್ಯಾರಿಗಿರಬೇಕು ಜಂಬ?

ಹೋದ ವರ್ಷ ಗಂಟಲಲ್ಲಿ ಗಡ್ಡೆಯಾಯಿತು. ಆಪರೇಷನ್ ಮಾಡಿ ಜೀವ ಉಳಿಸಿದರು, ದನಿ ಉಳಿಯಲಿಲ್ಲ. ಈಗ ಬರುವುದು ಬರೀ ಗುಸುಗುಸು. ಆದರೆ ಆಸ್ಪತ್ರೆಗೆ ಹೋಗುವ ಮುಂಚೆ ಅಡುಗೆಮನೆ ಬಾಗಿಲು ಹಾಕಿಕೊಂಡು, ತಮಗೆ ಬರುವ ಪದಗಳನ್ನೆಲ್ಲ ಫೋನಿನಲ್ಲಿ ಹಾಡಿಟ್ಟುಕೊಂಡಿದ್ದರು.

ಮೊನ್ನೆ ಬೆಳಿಗ್ಗೆ ಆ ಫೋನು ಹಿಡಿದು ಅಂಗಡಿಗೆ ಬಂದರು. ಮಾರನೆಯ ದಿನ ಹೇರೋಹಳ್ಳಿಯಲ್ಲಿ ಅವರಣ್ಣನ ಮೊಮ್ಮಗಳ ಮದುವೆ. ಪೆನ್‌ಡ್ರೈವ್ ತಂದುಕೊಟ್ಟರೆ ಸ್ಪೀಕರಿಗೆ ಹಾಕುತ್ತೇವೆ, ಇಲ್ಲದಿದ್ದರೆ ಸಿನಿಮಾ ಹಾಡು ಇದ್ದೇ ಇದೆ ಎಂದು ಛತ್ರದವರು ಹೇಳಿದ್ದರಂತೆ.

"ಈ ಮದ್ವೇಲಿ ನನ್ನ ಪದ ಕೇಳ್ಲಿಲ್ಲ ಅಂದ್ರೆ ಇನ್ಮೇಲೆ ಯಾರೂ ಕರೆಯಲ್ಲ ಕಣೇ ಶಶಿಕಲಾ" ಎಂದು ಪಿಸುಗುಟ್ಟಿದರು.

ಫೋನು ಮಾತ್ರ ಕೈಬಿಡಲಿಲ್ಲ. ಗಲ್ಲಾದ ಆಚೆ ನಿಂತು ಸೆರಗಿನ ಮರೆಯಲ್ಲಿ ಹಿಡಿದುಕೊಂಡರು, ನಾನು ವೈರನ್ನು ಎಳೆದು ಚುಚ್ಚಿದೆ. ಕಂಪ್ಯೂಟರಿನಲ್ಲಿ ಫೋನಿನ ಹೆಸರು ಬಂತು. ತೆರೆದರೆ ಒಳಗೆ ಖಾಲಿ. ವೈರ್ ಬದಲಾಯಿಸಿದೆ, ಬೇರೆ ಕಡೆ ಚುಚ್ಚಿದೆ, ಕಂಪ್ಯೂಟರನ್ನೇ ಆರಿಸಿ ಹಾಕಿದೆ. ಖಾಲಿಯೇ. ಹಿಂದೆ ಆಧಾರ್ ಜೆರಾಕ್ಸಿಗೆ ಬಂದವರು ಗೊಣಗತೊಡಗಿದ್ದರು, ನನಗೂ ರೇಗಿಹೋಯಿತು.

"ಏನೂ ಇಲ್ಲ ಅಕ್ಕ ಇದ್ರಲ್ಲಿ. ಎಲ್ಲಾ ಅಳಿಸಿಬಿಟ್ಟಿದೀರ ನೀವು."

ಚಿಕ್ಕಲಕ್ಷ್ಮಮ್ಮ ಸ್ಟೂಲಿನ ಮೇಲೆ ಕುಸಿದು ಕೂತರು. ಅಳುವುದಕ್ಕೂ ದನಿ ಬೇಕು. ಬರೀ ಭುಜ ಅಲುಗುತ್ತಿತ್ತು. ನನ್ನ ಬಾಯಿಗಿಷ್ಟು ಬೆಂಕಿ ಹಾಕ ಎಂದುಕೊಂಡು ಈಚೆ ಬಂದು ಪಕ್ಕದಲ್ಲಿ ನಿಂತೆ.

"ಅಕ್ಕ, ವೈರ್ ಹಾಕ್ದಾಗ ಫೋನು ಏನಾದ್ರೂ ಒತ್ತಿ ಅಂತ ಕೇಳ್ತಾ?"

ಹೌದೆಂದು ತಲೆಯಾಡಿಸಿದರು.

"ಏನು ಒತ್ತಿದ್ರಿ?"

"ನಿರಾಕರಿಸಿ. ಪ್ರತಿ ಸಲಾನೂ ತಪ್ಪದೇ ಒತ್ತಿದೀನಿ."

ಆಮೇಲೆ ಗೊತ್ತಾಯಿತು. ಪಕ್ಕದ ಮನೆಯ ವಿಮಲಮ್ಮನಿಗೆ ಯಾರೋ ಫೋನಿನಲ್ಲಿ ಟೋಪಿ ಹಾಕಿದ ಮೇಲೆ ಇವರ ಸೊಸೆ ದಿವ್ಯ, ಅತ್ತೆಯ ಕೈಯಲ್ಲಿ ದೇವರ ದೀಪ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದಳು: ಫೋನು 'ಅನುಮತಿಸಿ' ಎಂದು ಏನು ತೋರಿಸಿದರೂ ಒತ್ತಕೂಡದು. ಸೊಸೆಯನ್ನು ಬೈಯುವ ಹಾಗೂ ಇಲ್ಲ, ಅವಳು ಹೇಳಿದ್ದು ಒಳ್ಳೆಯದಕ್ಕೇ. ಅದನ್ನು ಒತ್ತಿದರೇನೇ ಹಾಡು ಹೊರಗೆ ಬರುವುದು ಎಂದು ಬಿಡಿಸಿ ಹೇಳಿ ವೈರನ್ನು ಮತ್ತೆ ಚುಚ್ಚಿದೆ. ಚಿಕ್ಕಲಕ್ಷ್ಮಮ್ಮ ಪರದೆಯನ್ನೂ ನನ್ನನ್ನೂ ನೋಡಿದರು, ಬೆರಳು ಮಾತ್ರ ಮುಂದೆ ಹೋಗಲಿಲ್ಲ. ದೀಪ ಮುಟ್ಟಿ ಹೇಳಿದ ಮಾತು.

ನನ್ನ ಫೋನಿನಿಂದ ದಿವ್ಯಳಿಗೆ ಫೋನ್ ಮಾಡಿ, ವಿಷಯ ಹೇಳಿ ಸ್ಪೀಕರಿಗೆ ಹಾಕಿದೆ. ಅವಳು ಕೆಲಸದಲ್ಲಿದ್ದಳು.

"ಅಯ್ಯೋ ಅತ್ತೆ, ಶಶಿ ಆಂಟಿ ಅಂಗಡಿ ತಾನೇ, ಒತ್ತಿ" ಎಂದಳು.

"ಆಣೆ ಏನ್ಮಾಡ್ಲಿ ಅಂತ ಕೇಳ್ತಿದಾರೆ ಕಣೇ" ಎಂದು ನಾನು ಅವರ ಪಿಸುಮಾತನ್ನು ದಾಟಿಸಿದೆ.

ಅತ್ತ ದಿವ್ಯ ದನಿ ತಗ್ಗಿಸಿದಳು. "ಹಾಕಿಸ್ಕೊಂಡೋಳು ನಾನು, ನಾನೇ ವಾಪಸ್ ತಗೊಂಡೆ. ಸಾಯಂಕಾಲ ದೀಪಕ್ಕೆ ಎಣ್ಣೆ ಹಾಕಿ ತಪ್ಪಾಯ್ತು ಅಂತೀನಿ. ಒತ್ತಿ ಅತ್ತೆ."

ಕಣ್ಣು ಮುಚ್ಚಿಕೊಂಡು ಒತ್ತಿದರು. ಖಾಲಿಯಿದ್ದ ಜಾಗದಲ್ಲಿ ಪದಗಳು ಸಾಲಾಗಿ ಬಂದು ಕೂತವು.

ಪೆನ್‌ಡ್ರೈವ್‌ಗೆ ಹಾಕಿ ಒಂದನ್ನು ಕೇಳಿಸಿದೆ. "ಹಸೆಗೆ ಬಾರವ್ವ ನಮ್ಮ ಮನೆಯ ಮಲ್ಲಿಗೆ" ಎಂದು ಹಳೆಯ ದನಿ ಅಂಗಡಿ ತುಂಬಿತು. ಗೊಣಗುತ್ತಿದ್ದವರೂ ಬಾಯಿ ಮುಚ್ಚಿದರು. ಒಂದು ಸಾಲು ಮುಗಿಯುತ್ತಲೇ ಸದ್ದು ನಿಂತುಹೋಯಿತು. ಫೈಲು ಕೆಟ್ಟಿದೆಯೆಂದು ನಾನು ಮೌಸಿಗೆ ಕೈ ಹಾಕಿದೆ. ಚಿಕ್ಕಲಕ್ಷ್ಮಮ್ಮ ನನ್ನ ಮಣಿಕಟ್ಟು ಹಿಡಿದು ಬೇಡವೆಂದು ತಲೆಯಾಡಿಸಿದರು. ಅಷ್ಟರಲ್ಲಿ ಎರಡನೆಯ ಸಾಲು ಬಂತು, ಮತ್ತೆ ಮೌನ. ಆಗ ಹೊಳೆಯಿತು. ಸೋಬಾನೆಯನ್ನು ಒಬ್ಬರು ಹಾಡುವುದಿಲ್ಲ; ಒಬ್ಬರು ಎತ್ತುತ್ತಾರೆ, ಉಳಿದವರು ಅದೇ ಸಾಲನ್ನು ಹಿಡಿಯುತ್ತಾರೆ. ಅಡುಗೆಮನೆಯಲ್ಲಿ ಒಬ್ಬರೇ ಕೂತು ಹಾಡುವಾಗಲೂ ಈ ಹೆಂಗಸು ಉಳಿದವರಿಗೆಂದು ಜಾಗ ಬಿಟ್ಟಿದ್ದರು.

ಮಾರನೆಯ ದಿನ ಅಂಗಡಿ ಮುಚ್ಚಿ ನಾನೂ ಹೇರೋಹಳ್ಳಿಗೆ ಹೋದೆ. ಮೊದಲ ಸಾಲು ಮುಗಿದು ಸ್ಪೀಕರು ಸುಮ್ಮನಾದಾಗ ಛತ್ರದಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಚಿಕ್ಕಲಕ್ಷ್ಮಮ್ಮ ಗಾಬರಿಯಿಂದ ನನ್ನ ಕಡೆ ತಿರುಗಿದರು. ಹಾಡು ಬಾರದ ನಾನೇ ಕತ್ತೆ ದನಿಯಲ್ಲಿ ಆ ಸಾಲು ಹಿಡಿದೆ. ಹಿಂದಿನಿಂದ ಯಾರೋ ಮುದುಕಿ ಸೇರಿದಳು. ಎರಡನೆಯ ಸಾಲಿಗೆ ಹಸೆಯ ಸುತ್ತಲಿದ್ದ ಹೆಂಗಸರೆಲ್ಲ ಹಾಡುತ್ತಿದ್ದರು.

ಆರತಿಯಾಯಿತು. ಹುಡುಗಿಯ ತಾಯಿ ತಾಂಬೂಲದ ತಟ್ಟೆ ಹಿಡಿದು ನೆಂಟರನ್ನೆಲ್ಲ ದಾಟಿಕೊಂಡು ಬಂದಳು. ಚಿಕ್ಕಲಕ್ಷ್ಮಮ್ಮ ಸೆರಗೊಡ್ಡಿದರು. ತೆಂಗಿನಕಾಯಿ ಮಡಿಲಿಗೆ ಬಿದ್ದದ್ದೇ ತಡ, ಅದನ್ನೆತ್ತಿ ನನ್ನ ಕಡೆಗೆ ತೋರಿಸಿದರು.