ಸೊಪ್ಪಿನ ಮಡಿಗೆ ಸುರಿದ ಕೆಸರು

ಬಾಗಲಗುಂಟೆಯಲ್ಲಿ ನಮ್ಮ ಬಾಡಿಗೆ ಮನೆಯ ಹಿಂದೆ ಸೊಪ್ಪು ಬೆಳೆಯುತ್ತಿದ್ದ ತಾತ ಒಂದು ಮುಷ್ಟಿ ಮಣ್ಣು ಹಿಡಿದುಕೊಂಡೇ ಮಾತಾಡುತ್ತಿದ್ದರು. "ಕೆಂಪು ಮಣ್ಣು ಜಿಪುಣ ಕಣಪ್ಪ, ಇಡ್ಕೊಂಡಿದ್ದು ಬಿಡಲ್ಲ" ಅನ್ನುವುದು ಅವರ ಮಾತು. ಹುಳಿ ಹೆಚ್ಚಾದ ಮಣ್ಣು ಬೆಳೆಗೆ ಬೇಕಾದ ರಂಜಕವನ್ನು ಬೇರಿಗೆ ಕೊಡದೆ ಕಚ್ಚಿಕೊಳ್ಳುತ್ತದಂತೆ. ಸುಣ್ಣ, ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಅಷ್ಟಿಷ್ಟು ಬಿಡುತ್ತದಂತೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ಪೀಣ್ಯದ ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಂತೆ ಕಬ್ಬಿಣಕ್ಕೆ ಫಾಸ್ಫೇಟ್ ಹಿಡಿಸುವ ತೊಟ್ಟಿ ನನ್ನ ಕೈಯಲ್ಲೇ ಇತ್ತು. ಒಂದು ವರ್ಷ ತಾತನ ಸೊಪ್ಪು ಮೇಲೇಳಲಿಲ್ಲ. ಫಾಸ್ಫೇಟ್ ಅಂದರೆ ರಂಜಕವೇ ತಾನೆ ಎಂದುಕೊಂಡು, ತೊಟ್ಟಿಯ ತಳದ ಕೆಸರನ್ನು ಒಂದು ಬಕೆಟ್ ತಂದು ಅವರಿಗೆ ಹೇಳದೆ ಮಡಿಗೆ ಸುರಿದೆ.

ತಿಂಗಳಾದ ಮೇಲೆ, ಸೊಪ್ಪು ಎದ್ದು ನಿಂತಿದ್ದು ಕಂಡು, ಹೆಮ್ಮೆಯಿಂದ ಹೇಳಿದೆ. ತಾತನ ಮುಷ್ಟಿ ಬಿಚ್ಚಿಕೊಂಡು ಮಣ್ಣು ಕೆಳಗೆ ಬಿತ್ತು.

"ಆ ತೊಟ್ಟೀಲಿ ಇನ್ನೇನೇನೈತೆ?"

"ಸತು, ನಿಕ್ಕಲ್ಲು ಇರುತ್ತೆ ತಾತ."

"ಆ ಇಸ ಸೊಪ್ಪಿಗೂ ಏರ್ತೈತೆ. ನಿನ್ ಮಗಳು ವಾರದಿಂದ ಸಾರಿಗೆ ಇದೇ ಸೊಪ್ಪು ಕಿತ್ಕೊಂಡೋಗ್ತಾವ್ಳಲ್ಲಪ್ಪ."

ಅವರು ಬೈಯಲಿಲ್ಲ. ಅಂದೇ ಮಡಿಯನ್ನೆಲ್ಲ ಕಿತ್ತರು, ಮತ್ತೆ ಅಲ್ಲಿ ಬೀಜ ಹಾಕಲಿಲ್ಲ.

ಮಗಳು ಚೆನ್ನಾಗಿದ್ದಾಳೆ. ಆದರೂ ಅವಳು ಹೊಟ್ಟೆನೋವು ಅಂದರೆ ಸಾಕು, ತಾತನ ಆ ಬಿಚ್ಚಿದ ಮುಷ್ಟಿ ನನ್ನ ಕಣ್ಣ ಮುಂದೆ ಬರುತ್ತದೆ.