ಮಥಿಯಾಸನ ಮದುವೆ ತಡವಾದ ಕಾರಣ

ಸುಪ್ರೀತಾಳನ್ನು ನಾನು ಮೊದಲು ಕಂಡದ್ದು ಡಚ್ ಊರಾದ ಮಾಸ್ಟ್ರಿಕ್ಟ್‌ನಲ್ಲಿ, ಹಳೆಯ ದಾಖಲೆಗಳ ಓದುಕೋಣೆಯಲ್ಲಿ, ಒಂದು ಮಂಗಳವಾರ ಬೆಳಿಗ್ಗೆ. ಕೋಟು, ಚೀಲ, ಪೆನ್ನು ಎಲ್ಲವನ್ನೂ ಹೊರಗಿನ ಬೀರುವಿನಲ್ಲಿಟ್ಟು ಪೆನ್ಸಿಲ್ ಮಾತ್ರ ಹಿಡಿದು ಒಳಗೆ ಹೋಗಬೇಕು. ನನ್ನೆದುರು ಕಂದು ಸ್ವೆಟರಿನ ತೋಳು ಮಡಚಿಕೊಂಡು ಕೂತಿದ್ದವಳು ದಪ್ಪ ಪುಸ್ತಕವೊಂದನ್ನು ದಿಂಬಿನ ಮೇಲೆ ತೆರೆದಿಟ್ಟು, ಸಾಲಿನ ಕೆಳಗೆ ಕಾಗದದ ಪಟ್ಟಿ ಸರಿಸುತ್ತ ಓದುತ್ತಿದ್ದಳು. "ಮೂವತ್ತೆಂಟರಲ್ಲಿ ಇಪ್ಪತ್ತು ಕಳೆದ್ರೆ ಹದಿನೆಂಟು" ಎಂದು ಗೊಣಗಿದ್ದು ಕೇಳಿ ನಕ್ಕುಬಿಟ್ಟೆ. ಅವಳು ತಲೆಯೆತ್ತಿದಳು.

"ಲೆಕ್ಕ ಮಾತ್ರ ಇಂಗ್ಲಿಷಲ್ಲಿ ಬರಲ್ಲ ಕಣೇ," ಎಂದಳು, ಹೆಸರು ಕೇಳುವ ಮೊದಲೇ.

ಗುಂಡ್ಲುಪೇಟೆ ಕಡೆಯ ಹಳ್ಳಿಯವಳು. ನನ್ನ ಹಾಗೆಯೇ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ನೂರೈವತ್ತು ವರ್ಷಗಳ ಹಿಂದೆ ಗಡಿಯಾಚೆಯ ಜರ್ಮನ್ ರಾಜ್ಯ ಪ್ರಷ್ಯದ ಹಳ್ಳಿಗಳಲ್ಲಿ ಸೈನ್ಯದ ಸೇವೆ ಗಂಡಸರ ಮದುವೆಯ ವಯಸ್ಸನ್ನು ಎಷ್ಟು ಮುಂದೂಡಿತು ಎಂಬುದು ಅವಳ ಪಿಎಚ್‌ಡಿ ವಿಷಯ. ಅದಕ್ಕೆ ಆಧಾರ, ನಿವೃತ್ತ ಅಂಚೆಯವರಾದ ಹೂಬ್ ಮೂವತ್ತು ವರ್ಷ ಅಲೆದು ಕೂಡಿಸಿದ್ದ ನಲವತ್ತು ಕುಟುಂಬಗಳ ಕಾಗದಗಳು. ತಮ್ಮ ಒಪ್ಪಿಗೆಯಿಲ್ಲದೆ ಏನನ್ನೂ ಅಚ್ಚು ಮಾಡಬಾರದು ಎಂಬ ಒಂದೇ ಷರತ್ತಿನ ಮೇಲೆ ಅವರು ಅವನ್ನು ಕೊಟ್ಟಿದ್ದರು.

ಹೂಬ್ ಅವರಿಗೆ ತಮ್ಮ ಪೂರ್ವಜ ಮಥಿಯಾಸನೆಂದರೆ ಹೆಮ್ಮೆ. ಅವನು ಪ್ರಷ್ಯದ ಸೈನ್ಯದಲ್ಲಿ ಹನ್ನೆರಡು ವರ್ಷ ದುಡಿದ, ಹಾಗಾಗಿ ಮೂವತ್ತೆಂಟಕ್ಕೆ ಮದುವೆಯಾದ ಎಂದು ಬರೆದಿದ್ದರು. ಸುಪ್ರೀತಾ ಹುಡುಕಿದಾಗ ಸೈನ್ಯದ ಯಾವ ಪಟ್ಟಿಯಲ್ಲೂ ಅವನಿಲ್ಲ. ಇಪ್ಪತ್ತಕ್ಕೇ ಸೇವೆ ತಪ್ಪಿಸಿಕೊಂಡು ಗಡಿ ದಾಟಿದ್ದ. ಇಲ್ಲಿ ಮದುವೆಯಾಗಲು ಸೇವೆ ಮುಗಿದಿದೆ ಎಂಬ ಪತ್ರ ಬೇಕಿತ್ತು, ಅದು ಅವನಲ್ಲಿರಲಿಲ್ಲ. ಸೈನ್ಯಕ್ಕೆ ಕರೆಯುವ ವಯಸ್ಸು ದಾಟುವವರೆಗೆ ಕಾದ. ಅಷ್ಟರಲ್ಲಿ ನಾಲ್ಕು ಮಕ್ಕಳಾಗಿದ್ದವು.

ಮನೆತನದ ಮಾತು ಮೊದಲು ಹಿರಿಯರಿಗೆ ತಿಳಿಯಬೇಕೆಂದು ಅವಳು ಹೂಬ್ ಅವರ ಅಣ್ಣ, ಎಂಬತ್ತೆಂಟರ ಶೆಫ್ ಬಳಿ ಹೋಗಿ ಎಲ್ಲ ಹೇಳಿದಳು. ತಮ್ಮನಿಗೆ ಮೆತ್ತಗೆ ತಿಳಿಸಿ ಎಂದು ಕೇಳಿಕೊಂಡಳು. ಶೆಫ್ ತಿಳಿಸಿದ್ದು ಮುಂದಿನ ಭಾನುವಾರ, ಅರವತ್ತು ಜನ ನೆಂಟರು ಸೇರಿದ್ದ ಊಟದ ಮೇಜಿನಲ್ಲಿ, ಲೋಟ ಎತ್ತಿ ಹಿಡಿದು. "ನಮ್ಮ ಹೂಬ್‌ನ ವೀರ ಬಂದೂಕು ಮುಟ್ಟಲೇ ಇಲ್ಲವಂತೆ. ಬೇರೆ ಕೆಲಸಕ್ಕೆ ಪುರುಸೊತ್ತು ಚೆನ್ನಾಗಿತ್ತು." ಎಲ್ಲರೂ ನಕ್ಕರು. ಹೂಬ್ ಕೋಟು ತೊಟ್ಟು ಹೊರಟುಹೋದರು.

ಮರುದಿನ ಸುಪ್ರೀತಾ ಅವರ ಮನೆ ಬಾಗಿಲಿಗೆ ಹೋಗಿ ಕ್ಷಮೆ ಕೇಳಿದಳು. ಅವರು ಒಳಗೆ ಕರೆಯಲಿಲ್ಲ.

"ಮಥಿಯಾಸ ಏನಾದರೂ ಆಗಿರಲಿ," ಎಂದರಂತೆ. "ಮೂವತ್ತು ವರ್ಷ ಕಾಗದ ಹುಡುಕಿದ್ದು ನಾನು. ನೀನು ಹೇಳಿದ್ದು ಅಣ್ಣನಿಗೆ."

ವಾರದೊಳಗೆ ಒಪ್ಪಿಗೆ ಹಿಂಪಡೆದ ಪತ್ರ ಬಂತು. ನಲವತ್ತು ಕುಟುಂಬಗಳೂ ಕೈಬಿಟ್ಟು ಹೋದವು. ಅಷ್ಟನ್ನು ಮತ್ತೆ ಕೂಡಿಸಲು ವಿಶ್ವವಿದ್ಯಾಲಯದ ಜೊತೆಗಿನ ಅವಳ ಕರಾರಿನಲ್ಲಿ ಉಳಿದಿದ್ದು ಐದೇ ತಿಂಗಳು. ವಿಭಾಗ ಇನ್ನೊಂದು ದಿನವನ್ನೂ ಕೊಡಲಿಲ್ಲ. ಪಿಎಚ್‌ಡಿ ಅರ್ಧಕ್ಕೇ ನಿಂತಿತು.

"ನಮ್ಮಲ್ಲಿ ಹಿರಿಯಣ್ಣನ ಕಿವಿಗೆ ಹಾಕ್ದೆ ಮನೆ ವಿಷಯ ತಮ್ಮಂಗೆ ಹೇಳ್ತಾರೇನೇ?" ಎಂದು ಕೇಳಿದಳು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಸುಪ್ರೀತಾ ಈಗ ಕೆಲಸ ಹುಡುಕಲು ಕೊಡುವ ಒಂದು ವರ್ಷದ ಪರ್ಮಿಟ್‌ನಲ್ಲಿದ್ದಾಳೆ. ಟಿಲ್‌ಬರ್ಗ್‌ನ ಗೋದಾಮೊಂದರಲ್ಲಿ ಪಾರ್ಸೆಲ್‌ಗಳ ವಿಳಾಸ ಸ್ಕ್ಯಾನ್ ಮಾಡುತ್ತಾಳೆ.